ಹೊಸ ರೆಕ್ಕೆಯ ಹೊಳಪು

ಶಿಕಾರಿಪುರವನ್ನು ಬಿಟ್ಟು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯಲ್ಲಿ ಪ್ರವಾಸ ಮಾಡಿದ ವಾಚಕರು, ನಾಡು ಮೆಲ್ಲಮೆಲ್ಲನೆ ತನ್ನ ಬಣ್ಣವನ್ನು ಬದಲಾಯಿಸುವುದನ್ನು ಕಂಡಿರಬಹುದು. ಮೆಕ್ಕೆಜೋಳದ ಹೊಲಗಳು ಹಿಂದುಳಿಯುತ್ತವೆ. ಭತ್ತದ ಗದ್ದೆ, ಅಡಕೆಯ ತೋಟ, ಕೆರೆಯ ಏರಿ, ಕಾಡಿನ ಅಂಚು ಇವು ಒಂದರ ಬೆನ್ನಿಗೆ ಒಂದು ಬರುತ್ತವೆ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೆರಗು ಇದು. ಕಳೆದ ವರ್ಷ ವಿಜಯದಶಮಿಯಾದ ಎರಡನೆಯ ದಿನ ನಾವು ಇದೇ ದಾರಿಯಾಗಿ ಸೊರಬದ ಸಮೀಪದ ಒಂದು ಹಳ್ಳಿಗೆ, ನಮ್ಮ ಸೋದರತ್ತೆಯವರ ಮನೆಗೆ, ಭೂಮಿ ಹುಣ್ಣಿಮೆಯ ಹಬ್ಬಕ್ಕೆಂದು ಹೋಗಿದ್ದೆವು. ಮಳೆ ಹಿಂದೆಗೆದಿತ್ತು; ಬಿಸಿಲು ಎಳೆಯದಾಗಿತ್ತು; ಗದ್ದೆಯಲ್ಲಿ ಪೈರು ಹೊಡೆ ತುಂಬಿ ನಿಂತಿತ್ತು. ಪಾತರಗಿತ್ತಿಗಳಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕುಳಿತಿರುವಾಗ ಹಿತ್ತಿಲ ಕಡೆಯಿಂದ ಅತ್ತೆಯ ಕೂಗು ಕೇಳಿಸಿತು: "ಇಲ್ಲಿ ಬಂದು ನೋಡು, ಬಚ್ಚಲ ಗೋಡೆಯ ಮೇಲೆ ರಕ್ತ ಬಿದ್ದಿದೆ!"

ನಾವು ಎದ್ದು ಓಡಿದೆವು. ಹಬ್ಬಕ್ಕೆಂದು ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ನಾಲ್ಕೈದು ಕೆಂಪು ಹನಿಗಳು ಜಾರಿ ಇಳಿದಿದ್ದುವು. ಅವುಗಳಿಗೆ ಮೇಲ್ಗಡೆ, ಮಾಡಿನ ರೀಪಿಗೆ ತಗುಲಿಕೊಂಡು, ಒಡೆದ ಕೋಶದ ಬರಿಯ ಸಿಪ್ಪೆಯೊಂದು ತೂಗಾಡುತ್ತಿತ್ತು. ಆ ಸಿಪ್ಪೆಯನ್ನೇ ಹಿಡಿದುಕೊಂಡು ಒಂದು ಕರಿಯ ಪಾತರಗಿತ್ತಿ, ಹಿಂಡಿದ ಬಟ್ಟೆಯಂತೆ ಮುದುಡಿದ ರೆಕ್ಕೆಗಳನ್ನು ಕೆಳಗೆ ಬಿಟ್ಟುಕೊಂಡು ನೇತಾಡುತ್ತಿತ್ತು. ಅತ್ತೆಯ ಮೊಮ್ಮಗಳು, ಹತ್ತು ವರುಷದ ಹುಡುಗಿ, ನಮಗಿಂತ ಮೊದಲೇ ಬಂದು ಬಾಯಿ ತೆರೆದು ನೋಡುತ್ತ ನಿಂತಿದ್ದಳು. ನೋಡುತ್ತಿದ್ದ ಹಾಗೆಯೇ ಆ ಮುದುಡಿದ ಕರಿಯ ರೆಕ್ಕೆಯ ಮೇಲೆ ನೇರಿಳೆ ಬಣ್ಣದ ಒಂದು ಬೆಳಕು ಹರಿದು ಮಾಯವಾಯಿತು. ಮತ್ತೆ ಇನ್ನೊಂದು ಮಡಿಕೆಯಲ್ಲಿ ಕಾಣಿಸಿಕೊಂಡು ಮತ್ತೆ ಮಾಯವಾಯಿತು.

ಅತ್ತೆಗೆ ಇದು ಸರಿಬರಲಿಲ್ಲ. "ಮಳೆಗಾಲದಲ್ಲಿ ಅಡಕೆಗೆ ಮೈಲುತುತ್ತ ಹೊಡೆದರಲ್ಲ, ಅದೇ ತಗುಲಿರಬೇಕು. ಇಲ್ಲದಿದ್ದರೆ ಕರಿಯ ರೆಕ್ಕೆಗೆ ಈ ಬಣ್ಣ ಎಲ್ಲಿಂದ ಬಂತು? ವಿಷ ತಿಂದ ಹುಳು ರಕ್ತ ಕಾರಿದೆ. ಹಬ್ಬದ ಮನೆಯಲ್ಲಿ ಇದು ಒಳ್ಳೆಯದಲ್ಲ" ಎಂದರು. ಅವರು ವೃಥಾ ಭಯಪಡುವ ಸ್ವಭಾವದವರಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಕೂಡಿಸಿ ಒಂದು ತೀರ್ಮಾನಕ್ಕೆ ಬಂದಿದ್ದರು, ಅಷ್ಟೆ. ನಮಗೂ ಆ ಬೆಳಿಗ್ಗೆ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವ ಹೊಣೆ ಬಂದಿತು: ಬಿದ್ದದ್ದು ರಕ್ತವೆ? ಬಣ್ಣ ಬಂದದ್ದು ಎಲ್ಲಿಂದ?

ಮೊದಲನೆಯ ಪ್ರಶ್ನೆ ಸುಲಭವಾದುದು. ಪಾತರಗಿತ್ತಿಯ ಮೈಯಲ್ಲಿ ಹರಿಯುವ ರಸ ನಮ್ಮ ರಕ್ತದಂತೆ ಕೆಂಪಲ್ಲ. ಕಂಬಳಿಹುಳು ಕೋಶದೊಳಗೆ ಸೇರಿ, ತನ್ನ ಹಳೆಯ ದೇಹವನ್ನು ಬಹುಮಟ್ಟಿಗೆ ಕರಗಿಸಿ ಹೊಸ ದೇಹವನ್ನು ಕಟ್ಟಿಕೊಳ್ಳುವಾಗ ಉಳಿಯುವ ಕಲ್ಮಷವೆಲ್ಲ ಅದರ ಹೊಟ್ಟೆಯಲ್ಲಿ ಕೂಡಿರುತ್ತದೆ. ಹೊರಗೆ ಬಂದ ಮೇಲೆ ಅದನ್ನು ವಿಸರ್ಜಿಸಿ ಪಾತರಗಿತ್ತಿ ಹಗುರಾಗುತ್ತದೆ. ಕೆಲವು ಜಾತಿಗಳಲ್ಲಿ ಈ ಕಲ್ಮಷ ಕೆಂಪಾಗಿರುವುದು.

ಈ ಹನಿಗಳನ್ನು ಕಂಡು ಭಯಪಟ್ಟವರು ನಮ್ಮಲ್ಲಿ ಮಾತ್ರವಿಲ್ಲ. 1608ರಲ್ಲಿ ಫ್ರಾನ್ಸ್ ದೇಶದ ಎಕ್ಸ್ ಎಂಬ ಪಟ್ಟಣದಲ್ಲಿ ಗೋಡೆಗಳ ಮೇಲೆಲ್ಲ ಕೆಂಪು ಹನಿಗಳು ಕಾಣಿಸಿಕೊಂಡು, ಆಕಾಶದಿಂದ ರಕ್ತದ ಮಳೆ ಬಿದ್ದಿತೆಂದು ಜನರೆಲ್ಲ ತಲ್ಲಣಿಸಿದರು. ಆ ಊರಿನಲ್ಲಿ ಪೈರೆಸ್ಕ್ ಎಂಬ ವಿದ್ವಾಂಸನಿದ್ದನು. ಅವನು ಕೋಶವೊಂದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದನು. ಅದರಿಂದ ಪಾತರಗಿತ್ತಿ ಹೊರಬಂದು ಹಾರಿದ ಮೇಲೆ ಪೆಟ್ಟಿಗೆಯಲ್ಲಿ ಕೆಂಪು ಕಲೆ ಉಳಿದುದನ್ನು ಕಂಡನು. ಊರಿನಲ್ಲಿ ಹನಿಗಳು ಮಳೆ ಬೀಳುವ ಮಾಡಿನ ಮೇಲೆ ಇರಲಿಲ್ಲ. ಹುಳುಗಳು ಆಶ್ರಯ ಪಡೆಯುವ ಮರೆಯ ಜಾಗಗಳಲ್ಲಿದ್ದುವು. ಎರಡನ್ನೂ ಕೂಡಿಸಿ ನೋಡಿ ಅವನು ಸತ್ಯವನ್ನು ತಿಳಿದನು. ಈ ಕಥೆಯನ್ನು ಹೇಳಿದ ಮೇಲೆ ಅತ್ತೆ ಒಂದು ತಂಬಿಗೆ ನೀರು ತಂದು ಗೋಡೆಯನ್ನು ತೊಳೆದು, "ಹಾಗಾದರೆ ಇದು ಮಗುವಿನ ಮೊದಲ ಮೈಲಿಗೆ ಎನ್ನು" ಎಂದು ನಕ್ಕರು. ಇದಕ್ಕಿಂತ ಸರಿಯಾದ ವಿವರಣೆಯನ್ನು ನಾವು ಯಾವ ಪುಸ್ತಕದಲ್ಲಿಯೂ ಓದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಆ ಪ್ರಾಣಿ ಯಾವುದೆಂಬುದನ್ನು ತಿಳಿಸಬೇಕು. ಬಚ್ಚಲ ನೀರು ಹರಿದು ಹೋಗುವ ಕಡೆ ಗೋಣಿಸೊಪ್ಪು ಹುಲುಸಾಗಿ ಬೆಳೆದಿತ್ತು. ಮೈತುಂಬ ಕವಲು ಮುಳ್ಳುಗಳಿದ್ದ ಕಪ್ಪು ಹುಳುಗಳು ಅದನ್ನು ತಿನ್ನುತ್ತಿದ್ದುದನ್ನು ಹುಡುಗಿ ಕೆಲವು ದಿನಗಳ ಹಿಂದೆ ನೋಡಿದ್ದಳು. ಅವುಗಳಲ್ಲಿ ಒಂದು ಗೋಡೆಯನ್ನು ಹತ್ತಿ, ರೀಪಿಗೆ ತಲೆಕೆಳಗಾಗಿ ತೂಗಿಕೊಂಡು, ಕಂದುಬಣ್ಣದ ಕೋಶವಾಗಿತ್ತು. ಇಂಗ್ಲಿಷಿನಲ್ಲಿ ಇದನ್ನು ಡನೇಯ್ಡ್ ಎಗ್‌ಫ್ಲೈ ಎಂದು ಕರೆಯುತ್ತಾರೆ. ಗಂಡಿನ ರೆಕ್ಕೆ ಮೇಲುಗಡೆ ಕಾಡಿಗೆಯಂತೆ ಕಪ್ಪು. ಮುಂದಿನ ರೆಕ್ಕೆಯಲ್ಲಿ ಎರಡು, ಹಿಂದಿನದರಲ್ಲಿ ಒಂದು ಬಿಳಿಯ ಬೊಟ್ಟು. ಪ್ರತಿಯೊಂದು ಬೊಟ್ಟಿನ ಸುತ್ತಲೂ ನೇರಿಳೆ ಬಣ್ಣದ ಹೊಳಪು. ಹೆಣ್ಣು ಮಾತ್ರ ಬೇರೊಂದು ಜಾತಿಯೋ ಎಂಬಂತೆ ಕಿತ್ತಳೆ ಬಣ್ಣದ್ದು. ಎಕ್ಕದ ಗಿಡವನ್ನು ತಿಂದು ಬೆಳೆದು ಹಕ್ಕಿಗಳಿಗೆ ಕಹಿಯಾಗಿರುವ ಮತ್ತೊಂದು ಪಾತರಗಿತ್ತಿಯ ವೇಷವನ್ನು ಈ ಹೆಣ್ಣು ಧರಿಸಿ, ಹಕ್ಕಿಗಳನ್ನು ವಂಚಿಸಿ ಬದುಕುತ್ತದೆ. ನಮ್ಮೆದುರಿಗಿದ್ದುದು ಗಂಡು.

ಅದು ಹೊಟ್ಟೆಯನ್ನು ಹಿಗ್ಗಿಸಿ ಕುಗ್ಗಿಸಿ ಮೈಯೊಳಗಿನ ರಸವನ್ನು ರೆಕ್ಕೆಯ ನಾಳಗಳಿಗೆ ತುಂಬುತ್ತಿತ್ತು. ರೆಕ್ಕೆಯ ಸುಕ್ಕುಗಳು ಒಂದೊಂದಾಗಿ ಬಿಚ್ಚಿಕೊಂಡು ಕಾಲು ಗಂಟೆಯೊಳಗೆ ನಾಲ್ಕು ರೆಕ್ಕೆಗಳೂ ಪೂರ್ಣವಾಗಿ ಹರಡಿದುವು. ಆದರೂ ಅವು ಇನ್ನೂ ಮೆತ್ತಗೇ ಇದ್ದುವು. ಗಟ್ಟಿಯಾಗಿ ಹಾರುವುದಕ್ಕೆ ಇನ್ನೂ ಒಂದೆರಡು ಗಂಟೆ ಬೇಕು. ಈ ಹೊತ್ತಿನಲ್ಲಿ ಯಾರೂ ಕನಿಕರಪಟ್ಟು ಸಹಾಯಕ್ಕೆ ಹೋಗಬಾರದು. ಮುದುಡಿದ ರೆಕ್ಕೆಯನ್ನು ಬೆರಳಿನಿಂದ ಬಿಡಿಸಹೋದರೆ ಅದು ಸೊಟ್ಟಗಾಗಿ ಒಣಗಿ, ಜನ್ಮವಿಡೀ ಸೊಟ್ಟಗೆಯೇ ಉಳಿಯುತ್ತದೆ.

ಆಗ ಒಂದು ತಮಾಷೆಯಾಯಿತು. "ಎಷ್ಟು ಚೆನ್ನಾಗಿ ನೇರಿಳೆ ಬಣ್ಣ ಕಾಣುತ್ತಿದೆ ಮಾವ!" ಎಂದು ಹುಡುಗಿ ಕೂಗಿದಳು. ನಮ್ಮ ಕಣ್ಣಿಗೆ ಕಪ್ಪು ಬಿಳುಪಲ್ಲದೆ ಬೇರೇನೂ ಕಾಣಲಿಲ್ಲ. "ಎಲ್ಲಿದೆ?" ಎಂದೆವು. "ಇಲ್ಲೇ ಇದೆಯಲ್ಲ!" ಎಂದು ಆಕೆ ಬೆರಳು ಮಾಡಿ ತೋರಿಸಿದಳು. ನಾವು ಮೊಣಕಾಲೂರಿ ಆಕೆಯ ಕಣ್ಣಿನ ಮಟ್ಟಕ್ಕೆ ತಲೆಯನ್ನು ತಂದೆವು. ಕೂಡಲೆ ಮೂರು ಬೊಟ್ಟುಗಳ ಸುತ್ತಲೂ ದೀಪ ಹಚ್ಚಿದಂತೆ ಹೊಳಪು ಎದ್ದಿತು. ಎದ್ದು ನಿಂತರೆ ಆರಿತು, ಬಗ್ಗಿದರೆ ಹತ್ತಿತು. ಕೋಶದಿಂದ ಆಗ ತಾನೆ ಬಂದಾಗ ಬೆಳಕು ಹರಿದಾಡಿದಂತೆ ಕಂಡುದಕ್ಕೂ ಇದೇ ಕಾರಣ. ರೆಕ್ಕೆ ಮುದುಡಿರುವಾಗ ಅದರ ಒಂದೊಂದು ಮಡಿಕೆಯೂ ಒಂದೊಂದು ಓರೆಯಲ್ಲಿ ಬಿಸಿಲಿಗೆ ತಿರುಗಿರುತ್ತದೆ. ಸರಿಯಾದ ಓರೆಗೆ ಬಂದ ಮಡಿಕೆ ಮಾತ್ರ ಆ ಕ್ಷಣಕ್ಕೆ ಹೊಳೆಯುತ್ತದೆ.

ಮೈಲುತುತ್ತದ ಕಲೆಯಾಗಿದ್ದರೆ ಹೀಗಾಗುತ್ತಿತ್ತೆ? ಆ ಹಬ್ಬಕ್ಕೆಂದೇ ನೆರೆಮನೆಯ ದೀವರ ಹೆಂಗಸರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು ಜಗಲಿಯಲ್ಲಿ ಒಣಗಲು ಇಟ್ಟಿದ್ದರು. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿಯ ಎಳೆಗಳು. ಹುಡುಗಿಯನ್ನು ಕರೆದುಕೊಂಡು ಹೋಗಿ ಆ ಬುಟ್ಟಿಯನ್ನು ತೋರಿಸಿದೆವು. ನಿಂತು ನೋಡಿದರೂ ಕೆಂಪು, ಕುಳಿತು ನೋಡಿದರೂ ಕೆಂಪು. ಅಲ್ಲಿ ಬಣ್ಣವೆಂಬ ಒಂದು ವಸ್ತು ಇದೆ. ಅದನ್ನು ಕೆರೆದರೆ ಉಗುರಿಗೆ ಕೆಂಪೇ ಬರುತ್ತದೆ. ಪಾತರಗಿತ್ತಿಯ ರೆಕ್ಕೆಯ ಕಪ್ಪು ಈ ಬಗೆಯದು; ನಮ್ಮ ತಲೆಗೂದಲಿನ ಕಪ್ಪನ್ನು ಉಂಟುಮಾಡುವ ಮೆಲನಿನ್ ಎಂಬ ದ್ರವ್ಯವೇ ಅಲ್ಲಿಯೂ ಇದೆ. ಆದರೆ ನೇರಿಳೆಯ ಹೊಳಪಿಗೆ ಅಂತಹ ಯಾವ ದ್ರವ್ಯವೂ ಇಲ್ಲ. ಅದು ರೆಕ್ಕೆಗೆ ಬಳಿದ ಬಣ್ಣವಲ್ಲ. ರೆಕ್ಕೆಯ ಕಟ್ಟಡದಿಂದ ಏಳುವ ಬಣ್ಣ.

ಈ ಕಟ್ಟಡವೆಂತಹುದೆಂಬುದನ್ನು ಸ್ವಲ್ಪ ವಿಚಾರಿಸೋಣ. ಪಾತರಗಿತ್ತಿಯ ರೆಕ್ಕೆ ನಿಜವಾಗಿ ನೊಣದ ರೆಕ್ಕೆಯಂತೆ ಪಾರದರ್ಶಕವಾದ ತೆಳು ಪೊರೆ. ಅದರ ಮೇಲೆ, ಮೀನಿನ ಮೈಮೇಲಿನ ಹುರುಪೆಗಳಂತೆ, ಅತಿ ಸಣ್ಣ ಶಲ್ಕಗಳು ಸಾಲುಸಾಲಾಗಿ ಹೊದೆದಿರುತ್ತವೆ. ಒಂದೊಂದು ಶಲ್ಕದ ಉದ್ದ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ನಮ್ಮ ಮನೆಗಳ ಮಾಡಿನ ಮೇಲೆ ಮಂಗಳೂರು ಹಂಚನ್ನು ಹೇಗೆ ಒಂದರ ಅಂಚಿನ ಮೇಲೆ ಒಂದು ಬರುವಂತೆ ಹೊದಿಸುವರೋ ಹಾಗೆ ಅವು ಕುಳಿತಿರುವುವು. ಪಾತರಗಿತ್ತಿಯನ್ನು ಹಿಡಿದರೆ ಕೈಗೆ ಹತ್ತುವ ಪುಡಿ ಈ ಶಲ್ಕಗಳೇ. ಪಾತರಗಿತ್ತಿಗಳ ವರ್ಗಕ್ಕೆ ಶಾಸ್ತ್ರಜ್ಞರು ಕೊಟ್ಟಿರುವ ಗ್ರೀಕ್ ಹೆಸರಿಗೆ ಶಲ್ಕವುಳ್ಳ ರೆಕ್ಕೆಯವು ಎಂದೇ ಅರ್ಥ.

ಶಲ್ಕದ ಹೊದಿಕೆ ಬಹಳ ತೆಳುವಾದುದು. ಬೆಳಕು ಅದರ ಮೇಲೆ ಬಿದ್ದಾಗ ಒಂದಂಶ ಮೇಲ್ಮೈಯಿಂದ ಹಿಂದಿರುಗುತ್ತದೆ. ಇನ್ನೊಂದಂಶ ಒಳಹೊಕ್ಕು ಕೆಳಮೈಯಿಂದ ಹಿಂದಿರುಗುತ್ತದೆ. ಕೆರೆಯಲ್ಲಿ ಎರಡು ಕಲ್ಲುಗಳನ್ನು ಎಸೆದರೆ ಏಳುವ ಅಲೆಗಳನ್ನು ವಾಚಕರು ನೆನೆಯಲಿ. ಅಲೆಯ ಉಬ್ಬಿಗೆ ಉಬ್ಬು ಕೂಡಿದ ಕಡೆ ನೀರು ಹೆಚ್ಚು ಏಳುತ್ತದೆ. ಉಬ್ಬಿಗೆ ತಗ್ಗು ಕೂಡಿದ ಕಡೆ ಸಮನಾಗುತ್ತದೆ. ಬೆಳಕೂ ಅಲೆಗಳಾಗಿ ಚಲಿಸುವಂತಹುದು. ನೇರಿಳೆ ಬೆಳಕಿನ ಅಲೆಯ ಉದ್ದ ಸುಮಾರು 400 ನ್ಯಾನೊಮೀಟರ್, ಕೆಂಪಿನದು ಸುಮಾರು 700. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಹೊದಿಕೆಯ ದಪ್ಪವು ಯಾವ ಬಣ್ಣದ ಅಲೆಗೆ ಹೊಂದುವುದೋ ಆ ಬಣ್ಣ ಎರಡು ಮೈಗಳಿಂದಲೂ ಕೂಡಿಬಂದು ಪ್ರಬಲವಾಗುತ್ತದೆ, ಉಳಿದವು ಕುಂದುತ್ತವೆ. ನೋಡುವ ಓರೆ ಬದಲಾದರೆ ಬೆಳಕು ನಡೆಯುವ ದಾರಿಯೂ ಬದಲಾಗುವುದರಿಂದ ಬಣ್ಣವೂ ಬದಲಾಗುತ್ತದೆ. ಅಡಿಯಲ್ಲಿರುವ ಕಪ್ಪು ಉಳಿದ ಬೆಳಕನ್ನೆಲ್ಲ ನುಂಗುವುದರಿಂದ ಹೊಳಪು ಮತ್ತಷ್ಟು ಸ್ವಚ್ಛವಾಗಿ ಕಾಣುತ್ತದೆ. ಸಾಬೂನಿನ ಗುಳ್ಳೆಯಲ್ಲಿ ಮಕ್ಕಳು ಕಾಣುವ ಬಣ್ಣಗಳ ಮರ್ಮವೂ ಇದೇ. ಸಾಬೂನಿನಲ್ಲಿ ಬಣ್ಣವಿಲ್ಲ, ನೀರಿನಲ್ಲಿ ಬಣ್ಣವಿಲ್ಲ. ಗುಳ್ಳೆಯ ತೆಳುವಿನಲ್ಲಿ ಬಣ್ಣವಿದೆ.

ಈ ಸಂಗತಿಯನ್ನು ಮೊದಲು ಹಿಡಿದವರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಒಬ್ಬನು. ಅವನು 1665ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನವಿಲುಗರಿಯನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ನೀರು ಸೋಕಿಸಿದರೆ ಅದರ ಬಣ್ಣಗಳು ಅಳಿಯುತ್ತವೆಯೆಂದೂ ಆದುದರಿಂದ ಅವು ಬೆಳಕಿನ ಆಟವೇ ಹೊರತು ದ್ರವ್ಯವಲ್ಲವೆಂದೂ ಬರೆದನು. ನಮ್ಮ ನಾಡಿಗೆ ಹತ್ತಿರವಾದ ಮತ್ತೊಂದು ಹೆಸರೂ ಇದೆ. ಸರ್ ಸಿ. ವಿ. ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದು ನೆಲಸಿದ ಮರುವರ್ಷವೇ ಹಕ್ಕಿಯ ಗರಿಗಳ ಬಣ್ಣವನ್ನು ಕುರಿತು ಲೇಖನವನ್ನು ಪ್ರಕಟಿಸಿದರು. ಅವರು ಆರಿಸಿಕೊಂಡ ಹಕ್ಕಿ, ವಿಜಯದಶಮಿಯಂದು ಕಂಡರೆ ಶುಭವೆಂದು ನಮ್ಮ ಹಿರಿಯರು ಹೇಳುವ ನೀಲಕಂಠ. ಅದರ ನೀಲಿಯೂ ಗರಿಯ ಕಟ್ಟಡದಿಂದ ಹುಟ್ಟುವ ಬಣ್ಣವೇ. 1948ರಲ್ಲಿ ಅವರು ಸ್ಥಾಪಿಸಿದ ಸಂಶೋಧನಾಲಯದಲ್ಲಿ ಹರಳುಗಳ ಜತೆಗೆ ಚಿಪ್ಪುಗಳನ್ನೂ ಪಾತರಗಿತ್ತಿಗಳನ್ನೂ ಕೂಡಿಟ್ಟಿದ್ದರು. ಬೆಳಕಿನ ಶಾಸ್ತ್ರವನ್ನು ಬಲ್ಲವನಿಗೆ ಇವೆಲ್ಲವೂ ಒಂದೇ ಪಾಠದ ಬೇರೆ ಬೇರೆ ಪುಟಗಳು.

ಹುಡುಗಿ ಇಷ್ಟನ್ನೂ ಕೇಳಿ, ಒಳಗೆ ಓಡಿ ಹೋಗಿ ಒಂದು ಬೆಂಕಿಪೆಟ್ಟಿಗೆಯನ್ನು ತಂದಳು. "ಹಾಗಾದರೆ ನನ್ನ ಬೆಳ್ಳಿ ಹೋದದ್ದೂ ಇದಕ್ಕೇನೆ?" ಎಂದಳು. ಅಂಗಳದ ಕಣಗಿಲೆಯ ಎಲೆಯ ಕೆಳಗೆ ಬೆಳ್ಳಿಯ ಓಲೆಯಂತೆ ಫಳಫಳಿಸುವ ಕೋಶವೊಂದನ್ನು ಕಂಡು, ಸಿಪ್ಪೆಯಾದರೂ ತನಗಿರಲೆಂದು ಅದು ಒಡೆಯುವವರೆಗೆ ಕಾದು ಜೋಪಾನವಾಗಿ ಇಟ್ಟಿದ್ದಳಂತೆ. ಪೆಟ್ಟಿಗೆಯಲ್ಲಿ ಈಗ ಇದ್ದುದು ಗಾಜಿನಂತಹ ಬಣ್ಣವಿಲ್ಲದ ಸಿಪ್ಪೆ. ಕಣಗಿಲೆಯನ್ನು ತಿನ್ನುವ, ಕಾಮನ್ ಕ್ರೋ ಎಂಬ ಕಂದುಬಣ್ಣದ ಪಾತರಗಿತ್ತಿಯ ಕೋಶವದು. ಅದರ ಗೋಡೆಯಲ್ಲಿ ಅತಿ ತೆಳುವಾದ ಪದರಗಳು ಒಂದರ ಮೇಲೊಂದು ನೂರಾರು ಇವೆಯೆಂದು ಜರ್ಮನಿಯ ವಿಜ್ಞಾನಿಗಳು 1985ರಲ್ಲಿ ತೋರಿಸಿಕೊಟ್ಟರು. ಪದರಗಳ ನಡುವೆ ತೇವವಿರುವ ತನಕ ಲೋಹದ ಕಾಂತಿ. ಒಣಗಿತೆಂದರೆ ಕಾಂತಿ ಇಲ್ಲ. ಬೆಳ್ಳಿಯನ್ನು ಯಾರೂ ಕದ್ದಿರಲಿಲ್ಲ. ಅದು ಎಂದೂ ಅಲ್ಲಿ ಇರಲೇ ಇಲ್ಲ.

ಇಲ್ಲಿ ನಮ್ಮದೊಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಮಾತಿನ ಭರದಲ್ಲಿ, ರೆಕ್ಕೆಯಲ್ಲಿ ಬಣ್ಣದ ದ್ರವ್ಯವಿಲ್ಲವೆಂಬುದನ್ನು ಪ್ರತ್ಯಕ್ಷ ತೋರಿಸುವ ಆಸೆಯಾಯಿತು. ಬೆರಳ ತುದಿಯಿಂದ ಹಿಂದಿನ ರೆಕ್ಕೆಯ ಬೊಟ್ಟಿನ ಅಂಚನ್ನು ಮೆಲ್ಲನೆ ಮುಟ್ಟಿದೆವು. ನಮ್ಮ ಮಾತು ನಿಜವಾಯಿತು. ಬೆರಳಿಗೆ ಹತ್ತಿದುದು ಬೂದಿಯಂತಹ ಕಂದು ಪುಡಿ. ನೇರಿಳೆಯ ಲವಲೇಶವೂ ಇಲ್ಲ. ಹಂಚು ಮಾಡಿನ ಮೇಲೆ ಸಾಲಾಗಿ ಇದ್ದರೆ ಮನೆ. ಕೆಳಗೆ ರಾಶಿ ಬಿದ್ದರೆ ಬರಿಯ ಹಂಚು. ಆದರೆ ರೆಕ್ಕೆಯ ಮೇಲೆ ಮುಟ್ಟಿದ ಜಾಗದಲ್ಲಿ ಮಂಕಾದ ಒಂದು ಗುರುತು ಉಳಿಯಿತು. ಹುಡುಗಿ ಅದನ್ನು ನೋಡಿ, "ಅದು ಮತ್ತೆ ಬರುತ್ತದೆಯೆ ಮಾವ?" ಎಂದು ಕೇಳಿದಳು.

ಬರುವುದಿಲ್ಲ. ನಮ್ಮ ಚರ್ಮ ಸುಲಿದರೆ ಮತ್ತೆ ಬೆಳೆಯುತ್ತದೆ. ಹಕ್ಕಿಯ ಗರಿ ಉದುರಿದರೆ ಹೊಸದು ಬರುತ್ತದೆ. ಪಾತರಗಿತ್ತಿಯ ಶಲ್ಕಗಳು ಮಾತ್ರ ಕೋಶದೊಳಗೆ ಒಮ್ಮೆ ಬೆಳೆದದ್ದೇ ಬೆಳೆದದ್ದು. ಹೊರಗೆ ಬಂದ ಮೇಲೆ ಒಂದು ಉದುರಿದರೂ ಆ ಜಾಗ ಬರಿದೇ. ಗಾಳಿ, ಮಳೆ, ಗಿಡದ ಮುಳ್ಳು, ಹಕ್ಕಿಯ ಕೊಕ್ಕು, ಒಂದರೊಡನೊಂದು ಗಂಡುಗಳು ನಡೆಸುವ ಕಾದಾಟ ಇವುಗಳಿಂದ ದಿನದಿನವೂ ಅವು ಸವೆಯುತ್ತವೆ. ದ್ರವ್ಯದಿಂದ ಬಂದ ಬಣ್ಣ ಸವೆದರೂ ಬಹುದಿನ ಬಣ್ಣವಾಗಿಯೇ ಕಾಣುತ್ತದೆ. ಸಾಲಿನ ಅಚ್ಚುಕಟ್ಟಿನಿಂದ ಬಂದ ಹೊಳಪು ಮೊದಲು ಹೋಗುತ್ತದೆ. ಆದುದರಿಂದಲೇ ಆಗ ತಾನೆ ಹುಟ್ಟಿದ ಪಾತರಗಿತ್ತಿಯಲ್ಲಿ ನಾವು ಕಾಣುವ ಕೆಲವು ಹೊಳಪುಗಳು ಹಾರಾಡಿ ಹಳತಾದವುಗಳಲ್ಲಿ ಕಾಣಸಿಗುವುದಿಲ್ಲ. ಹಣ್ಣುಸಂಪಿಗೆಯ ಚಿಗುರನ್ನು ತಿಂದು ಬೆಳೆಯುವ, ಕಿತ್ತಳೆಯ ಮೇಲೆ ಕರಿಯ ಚುಕ್ಕೆಗಳ ಕಾಮನ್ ಲೆಪರ್ಡ್ ಎಂಬ ಪಾತರಗಿತ್ತಿಯನ್ನು ಅನೇಕರು ನೋಡಿರಬಹುದು. ಹೊಸದಾಗಿರುವಾಗ ಅದರ ರೆಕ್ಕೆಯ ಕೆಳಮೈಯಲ್ಲಿ ತೆಳುವಾದ ನೇರಿಳೆಯ ಛಾಯೆ ಇರುವುದನ್ನು ನೋಡಿದವರು ವಿರಳ. ಅಪರೂಪದ ಜಾತಿಯೆಂದು ಅದನ್ನು ಭ್ರಮಿಸುವವರೂ ಉಂಟು. ಅಪರೂಪವಾದುದು ಜಾತಿಯಲ್ಲ, ಹೊತ್ತು.

ಈ ಹೊಳಪಿನಿಂದ ಪಾತರಗಿತ್ತಿಗೆ ಪ್ರಯೋಜನವಾದರೂ ಏನು? ನಾವು ಹೇಳುತ್ತಿರುವ ಜಾತಿಗೆ ಗ್ರೇಟ್ ಎಗ್‌ಫ್ಲೈ ಎಂಬ ಸೋದರ ಜಾತಿಯೊಂದುಂಟು. ಅದರ ಗಂಡಿನ ರೆಕ್ಕೆಯಲ್ಲಿಯೂ ಇಂತಹವೇ ಹೊಳೆವ ಬೊಟ್ಟುಗಳು. ಆಸ್ಟ್ರೇಲಿಯದ ವಿಜ್ಞಾನಿ ಡ್ಯಾರೆಲ್ ಕೆಂಪ್ ಅದನ್ನು ಕುರಿತು ಪ್ರಯೋಗ ನಡೆಸಿ, ಹೊಳಪು ಹೆಚ್ಚಾಗಿರುವ ಗಂಡುಗಳನ್ನೇ ಹೆಣ್ಣುಗಳು ಮೆಚ್ಚುತ್ತವೆಂದು 2007ರಲ್ಲಿ ಪ್ರಕಟಿಸಿದರು. ನಮ್ಮ ಕಣ್ಣಿಗೆ ಕಾಣದ ಅತಿನೇರಿಳೆ ಬೆಳಕೂ ಆ ಹೊಳಪಿನಲ್ಲಿ ಸೇರಿರುತ್ತದೆ. ಪಾತರಗಿತ್ತಿಯ ಕಣ್ಣಿಗೆ ಅದು ಕಾಣುತ್ತದೆ. ಎಂದ ಮೇಲೆ ನಮ್ಮ ಬೆರಳಿನ ಗುರುತು ಆ ಪ್ರಾಣಿಗೆ ಬರಿಯ ಅಂದಗೇಡಲ್ಲ. ಅದರ ಅಲ್ಪಾಯುಷ್ಯದ ಮುಖ್ಯ ಕಾರ್ಯಕ್ಕೇ ನಾವು ಒಂದಿಷ್ಟು ಅಡ್ಡಿಯಾದೆವು. ಎರಡು ಗಂಟೆಯ ಮೇಲೆ ಅದು ರೆಕ್ಕೆಯನ್ನು ನಾಲ್ಕು ಸಲ ತೆರೆದು ಮುಚ್ಚಿ, ಮಾಡಿನ ಮೇಲಿನಿಂದ ತೋಟದ ಕಡೆಗೆ ಹಾರಿಹೋಯಿತು. ಹುಡುಗಿ ಸಂತೋಷಪಟ್ಟಳು. ನಮಗೆ ನಾಚಿಕೆಯಾಗಿತ್ತು.

ಹೊಳಪು ಇಷ್ಟು ನಾಜೂಕಾಗಿರುವಂತೆಯೇ, ಅದು ಹುಟ್ಟುವುದೂ ಬಹು ಅಲ್ಪವಾದ ವ್ಯತ್ಯಾಸದಿಂದ. ಗೋರಟೆಯ ಗಿಡದ ಬಳಿ ಹಾರಾಡುವ ಪ್ಯಾನ್ಸಿ ಎಂಬ ಪಾತರಗಿತ್ತಿಗಳ ಬಳಗಕ್ಕೆ ಸೇರಿದ ಅಮೆರಿಕದ ಒಂದು ಕಂದು ಜಾತಿಯಲ್ಲಿ, ಸ್ವಲ್ಪ ನೀಲಿ ತೋರಿದವುಗಳನ್ನೇ ಆರಿಸಿ ಕೂಡಿಸುತ್ತ ಬಂದುದರಿಂದ ಕೆಲವೇ ತಲೆಮಾರುಗಳಲ್ಲಿ ನೀಲಿಯ ರೆಕ್ಕೆಯವು ದೊರೆತುವು. ಅಲ್ಲಿನ ವಿಜ್ಞಾನಿಗಳು ಶಲ್ಕಗಳನ್ನು ಅಳೆದು 2020ರಲ್ಲಿ ಪ್ರಕಟಿಸಿದ ಸಂಗತಿ ಇದು: ಶಲ್ಕದ ತಳದ ಪದರ ಕಂದಿನವುಗಳಿಗಿಂತ ನೀಲಿಯವುಗಳಲ್ಲಿ ಹೆಚ್ಚು ದಪ್ಪ. ದಪ್ಪವೆಂದರೂ ಎಷ್ಟು? ತಲೆಗೂದಲನ್ನು ನಾನೂರು ಪಾಲಾಗಿ ಸೀಳಿದರೆ ಸುಮಾರು ಒಂದು ಪಾಲಿನಷ್ಟು. ಅದಕ್ಕೂ ಮೂರು ವರ್ಷ ಮೊದಲು, 2017ರಲ್ಲಿ, ಅದೇ ಜಾತಿಯಲ್ಲಿ ಆಪ್ಟಿಕ್ಸ್ ಎಂಬ ಒಂದೇ ಒಂದು ವಂಶವಾಹಿಯನ್ನು ಕೆಡಿಸಿದರೂ ರೆಕ್ಕೆಯಲ್ಲಿ ನೀಲಿಯ ಹೊಳಪು ಏಳುವುದೆಂದು ಮತ್ತೊಂದು ತಂಡದವರು ಕಂಡುಕೊಂಡಿದ್ದರು. ಆದುದರಿಂದ ಹಿತ್ತಿಲಲ್ಲಿ ಯಾವುದಾದರೊಂದು ಪಾತರಗಿತ್ತಿ ತನ್ನ ಬಳಗದಲ್ಲಿಲ್ಲದ ಹೊಳಪನ್ನು ತೋರಿದರೆ ಅದಕ್ಕೆ ವಿಷವಾಗಲಿ ಅಪಶಕುನವಾಗಲಿ ಬೇಕಿಲ್ಲ. ಶಲ್ಕದ ತಳವು ಕೂದಲೆಳೆಯ ನಾನೂರನೆಯ ಒಂದು ಪಾಲಿನಷ್ಟು ಕೂಡ ಹೆಚ್ಚುಕಡಿಮೆಯಾಗಬೇಕಿಲ್ಲ.

ಹಬ್ಬ ಮುಗಿಸಿ ಹಿಂದಿರುಗುವಾಗ ಶಿಕಾರಿಪುರದಲ್ಲಿ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಒಂದು ದಿನ ತಂಗಿದೆವು. ಅವರ ಹಿತ್ತಿಲಿನಲ್ಲಿ ದಾಳಿಂಬೆಯ ಗಿಡವಿದೆ. ನಮ್ಮ ಪಾತರಗಿತ್ತಿಯ ಕಥೆಯನ್ನು ಕೇಳಿ ಅವರು ನಗುತ್ತ, ತೂತು ಬಿದ್ದ ಹಣ್ಣೊಂದನ್ನು ತಂದು ಮುಂದಿಟ್ಟು, "ಇದನ್ನು ಮಾಡಿದವರಾರು ಹೇಳಿ" ಎಂದರು. ಅವರ ಪ್ರಶ್ನೆ ನ್ಯಾಯವಾದುದೇ. ದಾಳಿಂಬೆಯೊಳಗೆ ಕೊರೆದು ಬೀಜವನ್ನು ತಿನ್ನುವ ಹುಳು ಬೆಳೆದು ಆಗುವುದೂ ಪಾತರಗಿತ್ತಿಯೇ. ಅದರ ಗಂಡಿನ ರೆಕ್ಕೆಯೂ ನೀಲಿನೇರಿಳೆಯಾಗಿ ಹೊಳೆಯುವಂತಹುದು. ನಮ್ಮ ಅವರೆ, ಅಲಸಂದೆ, ತೊಗರಿಯ ಕಾಯಿಗಳನ್ನು ಕೊರೆಯುವ ಹುಳುಗಳಲ್ಲಿಯೂ ಒಂದು ಹೀಗೆಯೇ ಸೊಗಸಾದ ನೀಲಿ ಪಾತರಗಿತ್ತಿಯಾಗುತ್ತದೆ. ಸೌಂದರ್ಯವನ್ನು ನೋಡಿ ಹಣ್ಣನ್ನೆಲ್ಲ ಬಿಟ್ಟುಕೊಡಿರೆಂದು ಗೃಹಸ್ಥರಿಗೆ ನಾವು ಹೇಳಲಾರೆವು. ಆದರೆ ಅದಕ್ಕೆಂದು ಹಿತ್ತಿಲಿಗೆಲ್ಲ ವಿಷ ಎರಚುವುದೂ ಬೇಡ. ಕಾಯಿ ಕಚ್ಚಿ ಸ್ವಲ್ಪ ದಪ್ಪವಾಗುತ್ತಲೆ ಒಂದೊಂದಕ್ಕೂ ತೆಳುಬಟ್ಟೆಯ ಅಥವಾ ಕಾಗದದ ಚೀಲವನ್ನು ಕಟ್ಟಿದರೆ ಪಾತರಗಿತ್ತಿ ಅಲ್ಲಿ ಮೊಟ್ಟೆಯಿಡಲಾರದು. ತೂತು ಬಿದ್ದ ಹಣ್ಣುಗಳನ್ನು ಕಿತ್ತು ಹೂಳಿದರೆ ಮುಂದಿನ ಪೀಳಿಗೆಯೂ ಕಡಿಮೆಯಾಗುತ್ತದೆ. ಮನೆಯ ಮಟ್ಟಿಗೆ ಇಷ್ಟು ಸಾಕು. ವಿಷವಾದರೋ ದಾಳಿಂಬೆಯ ಹುಳು, ಕರಿಬೇವಿನ ಹುಳು, ಗೋಣಿಸೊಪ್ಪಿನ ಹುಳುವೆಂದು ಭೇದವನ್ನೆಣಿಸದು. ಮಿತ್ರರು ಮುಂದಿನ ಸಲ ಚೀಲ ಕಟ್ಟಿ ನೋಡುವುದಾಗಿ ಹೇಳಿದರು.

ಸೊರಬದ ಮನೆಯಲ್ಲಿಯೂ ಹಬ್ಬದ ಮುನ್ನಾದಿನ ಇಂತಹದೇ ಮಾತು ಬಂದಿತ್ತು. ಬಚ್ಚಲ ಹಿಂದಿನ ಜಾಗವನ್ನು ಹಬ್ಬಕ್ಕೆ ಮೊದಲು ಚೊಕ್ಕಟ ಮಾಡಿಸಬೇಕೆಂದು ಭಾವನವರು ಆಳಿಗೆ ಹೇಳಿದ್ದರು. ಗೋಣಿಸೊಪ್ಪಿನಲ್ಲಿ ಇನ್ನೂ ಏಳೆಂಟು ಮುಳ್ಳುಹುಳುಗಳು ಮೇಯುತ್ತಿದ್ದುವು. ಹುಡುಗಿ ಅಲ್ಲಿಯೇ ಕುಳಿತುಬಿಟ್ಟಳು, ಏಳಲಿಲ್ಲ. ಭಾವನವರು ಗದರಿದರು. ಅತ್ತೆ ಮಾತ್ರ, "ಭೂಮಿತಾಯಿಗೆ ಬಯಕೆಯೂಟ ಬಡಿಸುವ ದಿನ ಮತ್ತೊಬ್ಬರ ಅನ್ನ ಕೀಳುವುದುಂಟೆ? ಅಷ್ಟು ಜಾಗ ಹಾಗೇ ಇರಲಿ" ಎಂದರು. ಅವರ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ. ಆಳು ಕತ್ತಿಯನ್ನು ತೆಗೆದುಕೊಂಡು ಬೇರೆ ಕಡೆಗೆ ಹೋದನು.

ಹೊಸ ರೆಕ್ಕೆಯ ಹೊಳಪನ್ನು ಕೊಂಡು ತರುವಂತಿಲ್ಲ, ಪೆಟ್ಟಿಗೆಯಲ್ಲಿ ಇಡುವಂತಿಲ್ಲ, ಕೆಟ್ಟರೆ ಸರಿಮಾಡುವಂತಿಲ್ಲ. ಮುಟ್ಟಿದರೆ ಬೂದಿ, ಮುಟ್ಟದೆ ನೋಡಿದರೆ ಬೆಳಕು. ಅದನ್ನು ಉಳಿಸಿಕೊಳ್ಳಬೇಕೆಂಬವರು ಉಳಿಸಬೇಕಾದುದು ರೆಕ್ಕೆಯನ್ನಲ್ಲ, ಬಚ್ಚಲ ಹಿಂದಿನ ಆ ಒಂದು ಗೇಣು ಸೊಪ್ಪನ್ನು. ಹುಣ್ಣಿಮೆ ಕಳೆದು ಹತ್ತು ದಿನಕ್ಕೆ ಹುಡುಗಿಯಿಂದ ನಮಗೊಂದು ಕಾಗದ ಬಂದಿತು. ರೀಪಿನಲ್ಲಿ ಐದು ಕೋಶಗಳು ತೂಗಿದ್ದುವಂತೆ. ಮೂರು ಒಡೆದುವು, ಎರಡು ಗಂಡು, ಒಂದು ಹೆಣ್ಣು. ಗೋಡೆಯ ಕೆಂಪನ್ನು ಅಜ್ಜಿಯೇ ತೊಳೆದರು. ಕೊನೆಯಲ್ಲಿ ಹೀಗೆ ಬರೆದಿದ್ದಳು: "ನಾನು ಮುಟ್ಟಲಿಲ್ಲ ಮಾವ, ಕೂತು ನೋಡಿದೆ."